ಬರೆಯದೆ ಬಿಟ್ಟ ಪದಕಗಳು: ಆಕ್ಷೇಪಿಸಿದವರಿಗೆ ಉತ್ತರ

ನಮ್ಮ ಜಿಲ್ಲೆಯ ಮಾಜಿ ಸೈನಿಕರ ಸಭೆಯಲ್ಲಿ ಮೊನ್ನೆ ನಾನೊಂದು ಠರಾವು ಮಂಡಿಸಿದೆ. ಪಿಂಚಣಿ ಅದಾಲತ್ ನಡೆಸುವ ಹಾಗೆಯೇ ಸೇವಾ ದಾಖಲೆಗಳ ತಿದ್ದುಪಡಿಗೂ ಜಿಲ್ಲೆ ಜಿಲ್ಲೆಯಲ್ಲಿ ಅದಾಲತ್ ನಡೆಯಬೇಕು, ಡಿಸ್ಚಾರ್ಜ್ ಬುಕ್ಕಿಗೆ ಸೇರದೆ ಉಳಿದ ಪದಕಗಳನ್ನು ಅಲ್ಲೇ ಪರಿಶೀಲಿಸಿ ಸೇರಿಸಬೇಕು ಎಂಬುದು ಅದರ ಸಾರ. ಠರಾವು ಪಾಸಾಯಿತು, ಆದರೆ ವಿರೋಧವಿಲ್ಲದೆ ಅಲ್ಲ. ಸಭೆಯಲ್ಲೇ ಕೆಲವರು ಎದ್ದು ನಿಂತು ಮಾತಾಡಿದರು, ಕೆಲವರು ಆಮೇಲೆ ಪತ್ರ ಬರೆದರು. ಅವರಲ್ಲಿ ಒಬ್ಬರು ನಿವೃತ್ತ ಕರ್ನಲ್, ಒಬ್ಬರು ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ದುಡಿದ ಹಿರಿಯರು, ಉಳಿದವರು ನನ್ನ ಹಾಗೆಯೇ ಹವಾಲ್ದಾರರಾಗಿ ಮನೆಗೆ ಬಂದವರು. ಅವರೆಲ್ಲರ ಮೇಲೂ ನನಗೆ ಗೌರವವಿದೆ. ಅವರು ಆಡಿದ ಮಾತನ್ನು ಮಾತ್ರ ಒಪ್ಪಲಾರೆ. ಸೇನೆಯಲ್ಲಿ ನಾನು ಕ್ಲರ್ಕ್ ಆಗಿದ್ದವನು, ಯೂನಿಟ್ ಆಫೀಸಿನಲ್ಲಿ ಕೂತು ಜವಾನರ ದಾಖಲೆ ಬರೆದವನು. ಆದ್ದರಿಂದ ಒಂದೊಂದಾಗಿ ಉತ್ತರ ಕೊಡುವುದು ನನ್ನ ಜವಾಬ್ದಾರಿ ಎಂದೇ ತಿಳಿದಿದ್ದೇನೆ.

ಠರಾವಿಗೆ ಕಾರಣವಾದ ಪ್ರಕರಣವನ್ನು ಮೊದಲು ಹೇಳಿಬಿಡುತ್ತೇನೆ. ಮಲೆನಾಡಿನ ಕಡೆಯ ಒಬ್ಬ ನಿವೃತ್ತ ನಾಯಕ್, ವಯಸ್ಸು ಎಂಬತ್ತರ ಆಸುಪಾಸು. 1964ರ ಶುರುವಿನಲ್ಲಿ ಭರ್ತಿಯಾಗಿ 1979ರಲ್ಲಿ ಪಿಂಚಣಿಯೊಂದಿಗೆ ಊರಿಗೆ ಬಂದವರು. ಅವರ ಡಿಸ್ಚಾರ್ಜ್ ಬುಕ್ಕಿನ ಪದಕಗಳ ಅಂಕಣದಲ್ಲಿ ಇರುವುದು ಎರಡೇ ಹೆಸರು: 1965ರ ರಕ್ಷಾ ಪದಕ ಮತ್ತು ಸೈನ್ಯ ಸೇವಾ ಪದಕ. ಅದರ ಕೆಳಗೆ ಒಂದು ಅಡ್ಡಗೆರೆ, ಗೆರೆಯ ಕೆಳಗೆ ಖಾಲಿ. 1971ರ ಯುದ್ಧದಲ್ಲಿ ಅವರು ಪೂರ್ವ ರಣರಂಗದಲ್ಲಿದ್ದರು. ಆದರೂ ಪೂರ್ವಿ ಸ್ಟಾರ್ ಇಲ್ಲ, ಸಂಗ್ರಾಮ ಪದಕವೂ ಇಲ್ಲ. ಸ್ವಾತಂತ್ರ್ಯದ 25ನೇ ವರ್ಷದ ಪದಕವಿಲ್ಲ, ಒಂಬತ್ತು ವರ್ಷಗಳ ದೀರ್ಘ ಸೇವಾ ಪದಕವಿಲ್ಲ. ಯುದ್ಧಕ್ಕೆ ಸ್ವಲ್ಪ ಮುಂಚೆ ಅವರನ್ನು ಬೇರೊಂದು ಯೂನಿಟ್ಟಿಗೆ ಅಟ್ಯಾಚ್ ಮಾಡಿದ್ದರು. ಮೂಲ ಯೂನಿಟ್ ಇವರ ಹೆಸರನ್ನು ಆ ಯೂನಿಟ್ ಬರೆಯುತ್ತದೆ ಅಂದುಕೊಂಡಿತು, ಆ ಯೂನಿಟ್ ಮೂಲ ಯೂನಿಟ್ ಬರೆಯುತ್ತದೆ ಅಂದುಕೊಂಡಿತು. ಕಡೆಗೆ ಎರಡೂ ಕಡೆ ಬರೆಯಲಿಲ್ಲ. ಅವರು ನನ್ನ ಮುಂದೆ ಆ ಪುಸ್ತಕ ಇಟ್ಟು ಹೇಳಿದ್ದು ಇಷ್ಟೇ: "ಬಾಬು ಸಾಬ್, ನಾನು ಅಲ್ಲಿದ್ದೆ ಅಂತ ಒಂದು ಸಾಲು ಬರೆಸಿಕೊಡಿ, ಸಾಕು."

ಈಗ ಮೊದಲನೇ ಆಕ್ಷೇಪ. "ದಾಖಲೆಯಲ್ಲಿ ಇಲ್ಲ ಅಂದರೆ ಬಂದಿಲ್ಲ ಅಂತಲೇ ಅರ್ಥ. ಸೇನೆಯ ದಾಖಲೆಗಿಂತ ದೊಡ್ಡ ಸಾಕ್ಷಿ ಯಾವುದು?" ಇದನ್ನು ಕೇಳಿದವರು ದಾಖಲೆ ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಿದವರಲ್ಲ.

ಜವಾನನ ಸೇವೆಯಲ್ಲಿ ಆಗುವ ಪ್ರತಿಯೊಂದು ಸಂಗತಿಯನ್ನೂ ಯೂನಿಟ್ ಪಾರ್ಟ್ ಟೂ ಆರ್ಡರಿನಲ್ಲಿ ಪ್ರಕಟಿಸಬೇಕು. ರಜೆ, ವರ್ಗಾವಣೆ, ಬಡ್ತಿ, ಮದುವೆ, ಮಗು ಹುಟ್ಟಿದ್ದು, ಪದಕ ಸಿಕ್ಕಿದ್ದು, ಎಲ್ಲವೂ ಅದರಲ್ಲಿ ಬರುತ್ತದೆ. ಆ ಆರ್ಡರಿನ ಪ್ರತಿ ರೆಕಾರ್ಡ್ ಆಫೀಸಿಗೆ ಹೋಗಬೇಕು. ಅಲ್ಲಿನ ಗುಮಾಸ್ತ ಅದನ್ನು ನೋಡಿ ಜವಾನನ ಶೀಟ್ ರೋಲಿಗೆ ಇಳಿಸಬೇಕು. ಜವಾನ ಬಿಡುಗಡೆಯಾಗುವಾಗ ಶೀಟ್ ರೋಲ್ ನೋಡಿಯೇ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೆ ಪದಕ ಕಾಣೆ. ಒಂದು ಅಂಕಿ ತಪ್ಪಾಗಿ ಟೈಪ್ ಆದರೆ ಒಬ್ಬನ ಪದಕ ಇನ್ನೊಬ್ಬನ ಹಾಳೆಗೆ ಹೋಗುತ್ತದೆ. 1971ರ ಯುದ್ಧದ ಪದಕಗಳು ಘೋಷಣೆಯಾಗಿ ಆದೇಶಗಳು ಹೊರಬೀಳುವ ಹೊತ್ತಿಗೆ ಎಷ್ಟೋ ಜನ ಬೇರೆ ಯೂನಿಟ್ಟಿನಲ್ಲಿದ್ದರು, ಆಸ್ಪತ್ರೆಯಲ್ಲಿದ್ದರು, ಕೋರ್ಸಿಗೆ ಹೋಗಿದ್ದರು, ಕೆಲವರು ಮನೆಗೇ ಬಂದಿದ್ದರು. ಆಗ ಕಂಪ್ಯೂಟರ್ ಇರಲಿಲ್ಲ. ಟೈಪ್‌ರೈಟರ್, ಕಾರ್ಬನ್ ಹಾಳೆ, ಟಪಾಲು ಚೀಲ, ಇಷ್ಟರ ಮೇಲೆ ಲಕ್ಷಗಟ್ಟಲೆ ಜನರ ಲೆಕ್ಕ ನಿಂತಿತ್ತು. ಯಾರೂ ಬೇಕೆಂದು ಬಿಟ್ಟರು ಅಂತ ನಾನು ಹೇಳುತ್ತಿಲ್ಲ. ಬಿಟ್ಟುಹೋಗುವುದು ಸಹಜವಾಗಿತ್ತು ಎನ್ನುತ್ತಿದ್ದೇನೆ.

ಕಾಗದಗಳು ಎಂದೆಂದಿಗೂ ಉಳಿಯುತ್ತವೆಯೇ? ಅದೂ ಇಲ್ಲ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು ಇಪ್ಪತ್ತೈದು ವರ್ಷವಷ್ಟೇ ಇಟ್ಟುಕೊಂಡರೆ ಸಾಕು ಎಂದು 1987ರ ಸೇನಾ ನಿಯಮಾವಳಿಯ 595ನೇ ಪ್ಯಾರಾ ಹೇಳುತ್ತದೆ. ಅವಧಿ ಮುಗಿದ ಮೇಲೆ ಅವನ್ನು ನಾಶಮಾಡುತ್ತಾರೆ. ಉಳಿಯುವುದು ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದ ಒಂದು ಸಾಲು. 1971ರಲ್ಲಿ ಹೋರಾಡಿ ಪಿಂಚಣಿಗೆ ಬೇಕಾದಷ್ಟು ಸೇವೆ ತುಂಬುವ ಮೊದಲೇ ಮನೆಗೆ ಬಂದವನ ಕಾಗದಗಳಿಗೆ ಈಗಾಗಲೇ ಆ ಗತಿಯಾಗಿರುತ್ತದೆ. ಪೂರ್ವ ಕಮಾಂಡಿನಲ್ಲಿದ್ದ ಬಾಂಗ್ಲಾ ಯುದ್ಧದ ಕಡತಗಳೇ ನಾಶವಾಗಿವೆ ಎಂಬ ಸುದ್ದಿ 2010ರಲ್ಲಿ ಪತ್ರಿಕೆಗಳಲ್ಲಿ ಬಂತು. ಆ ಯುದ್ಧದಲ್ಲಿ ಪೂರ್ವ ಕಮಾಂಡಿನ ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿದ್ದ ಜನರಲ್ ಜೇಕಬ್ ಅವರು 1974ರಲ್ಲಿ ಅದೇ ಕಮಾಂಡಿನ ಮುಖ್ಯಸ್ಥರಾಗಿ ಬಂದು ಆ ಕಡತಗಳನ್ನು ಕೇಳಿದಾಗ ಅವು ಆಗಲೇ ಇರಲಿಲ್ಲ ಎಂದು ತಾವೇ ಹೇಳಿದ್ದರು. ಗೆದ್ದ ಯುದ್ಧದ ಕಡತವನ್ನೇ ಉಳಿಸಿಕೊಳ್ಳದ ವ್ಯವಸ್ಥೆ ಒಬ್ಬ ನಾಯಕನ ಪಾರ್ಟ್ ಟೂ ಆರ್ಡರನ್ನು ಜೋಪಾನ ಮಾಡಿರುತ್ತದೆ ಎಂದು ಯಾವ ಧೈರ್ಯದ ಮೇಲೆ ನಂಬೋಣ?

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಅನಾಹುತವಾಯಿತು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸೇನಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು ಒಂದು ಕೋಟಿ ಅರವತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದಷ್ಟು ಸೈನಿಕರ ಕಡತಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇಕಡಾ 80ರಷ್ಟು ಹೋದವು. ಅವಕ್ಕೆ ನಕಲು ಪ್ರತಿಯೂ ಇರಲಿಲ್ಲ. ಆ ದೇಶ "ದಾಖಲೆ ಇಲ್ಲ, ಆದ್ದರಿಂದ ನೀನು ಸೈನಿಕನೇ ಅಲ್ಲ" ಎಂದು ಆ ಮುದುಕರಿಗೆ ಹೇಳಲಿಲ್ಲ. ಸಂಬಳದ ರಸೀದಿ, ಯೂನಿಟ್ಟಿನ ದಿನದಿನದ ಹಾಜರಿ ವರದಿ, ಆಸ್ಪತ್ರೆಗೆ ಸೇರಿದ ಪಟ್ಟಿ, ಹೀಗೆ ಬೇರೆ ಬೇರೆ ಕಚೇರಿಗಳಲ್ಲಿ ಬಿದ್ದಿದ್ದ ಕಾಗದಗಳನ್ನು ಹುಡುಕಿ ತಂದು ಸೇವೆಯ ವಿವರಗಳನ್ನು ಮತ್ತೆ ಕಟ್ಟಲು ಒಂದು ವಿಭಾಗವನ್ನೇ ಮಾಡಿತು. ಅದಕ್ಕೂ ಮೊದಲೇ, 1946ರ ಕಾನೂನಿನ ಪ್ರಕಾರ, ಸೇನಾ ದಾಖಲೆಗಳ ತಿದ್ದುಪಡಿಗೆಂದೇ ಅಲ್ಲಿ ಮಂಡಳಿಗಳು ಬಂದಿದ್ದವು. ಅವುಗಳ ಸದಸ್ಯರು ಸಮವಸ್ತ್ರದವರಲ್ಲ, ನಾಗರಿಕ ಅಧಿಕಾರಿಗಳು. ಸೇನೆ ಬರೆದದ್ದರಲ್ಲಿ ತಪ್ಪಿರಬಹುದು, ಅದನ್ನು ಹೊರಗಿನ ಕಣ್ಣು ನೋಡಬೇಕು ಎಂಬ ತತ್ವವನ್ನು ಒಂದು ದೊಡ್ಡ ಸೇನಾಶಕ್ತಿಯೇ ಒಪ್ಪಿಕೊಂಡಿದೆ. ನಾವು ಒಪ್ಪಿಕೊಂಡರೆ ನಮ್ಮ ಸೇನೆಯ ಗೌರವಕ್ಕೆ ಏನೂ ಕುಂದಿಲ್ಲ.

ನಮ್ಮ ನಾಯಕರ ಪ್ರಕರಣಕ್ಕೆ ಬಂದರೆ, ಡಿಸ್ಚಾರ್ಜ್ ಬುಕ್ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತಿದೆ. ಅದರ ಒಂದು ಪುಟ 1964ರಲ್ಲಿ ಭರ್ತಿ ಎನ್ನುತ್ತದೆ, ಇನ್ನೊಂದು ಪುಟ 1979ರಲ್ಲಿ ಬಿಡುಗಡೆ ಎನ್ನುತ್ತದೆ. ಸ್ವಾತಂತ್ರ್ಯದ 25ನೇ ವರ್ಷದ ಪದಕ ಸಲ್ಲುವುದು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ. ಹದಿನೈದು ವರ್ಷ ಶಿಕ್ಷೆಯ ಕೆಂಪು ಗುರುತು ಬೀಳದ ಹಾಗೆ ದುಡಿದವನಿಗೆ ಒಂಬತ್ತು ವರ್ಷದ ಪದಕ ಸಲ್ಲುತ್ತದೆ. ಇದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಸರ್ಕಾರದ ಮೊಹರು ಬಿದ್ದ ಅದೇ ಪುಸ್ತಕ ಸಾಕ್ಷಿ. ಪೂರ್ವಿ ಸ್ಟಾರ್ ವಿಷಯಕ್ಕೆ ಅವರ ಬಳಿ ಒಂದು ಇನ್‌ಲ್ಯಾಂಡ್ ಪತ್ರ ಉಳಿದಿದೆ, ತಾಯಿಗೆ ಬರೆದದ್ದು. ಮಡಿಕೆಗಳಲ್ಲಿ ಹರಿದು, ಗೋಂದು ಹಚ್ಚಿ ಜೋಡಿಸಿದ ನೀಲಿ ಕಾಗದ. ಹಿಂಬದಿಯಲ್ಲಿ ಅವರ ನಂಬರು, ಹೆಸರು, ಯೂನಿಟ್, ಅದರ ಕೆಳಗೆ 99 ಎಪಿಓ. ಪಕ್ಕದಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮುದ್ರೆ, ಡಿಸೆಂಬರ್ 1971. ಸೇನೆಯ ಅಂಚೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 56 ಎಪಿಓ ಎಂದರೆ ದೆಹಲಿಯಿಂದ ಹಂಚಿಕೆಯಾಗುವ ಟಪಾಲು, 99 ಎಪಿಓ ಎಂದರೆ ಕೋಲ್ಕತ್ತದಿಂದ ಪೂರ್ವದ ತುಕಡಿಗಳಿಗೆ ಹೋಗುವ ಟಪಾಲು. ಆ ತಿಂಗಳು ಆ ಮನುಷ್ಯ ಯಾವ ದಿಕ್ಕಿನಲ್ಲಿದ್ದ ಎಂಬುದನ್ನು ಸೇನೆಯ ಮುದ್ರೆಯೇ ಹೇಳುತ್ತಿದೆ. ಆ ಪತ್ರವನ್ನೂ ಅವರು ಅಟ್ಯಾಚ್ ಆಗಿದ್ದ ಯೂನಿಟ್ಟಿನ ಯುದ್ಧ ದಿನಚರಿಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರಿ ಬೇಕು, ಅಷ್ಟೇ. ನಾನು ಅದಾಲತ್ ಕೇಳುತ್ತಿರುವುದು ಅದಕ್ಕೆ.

ಎರಡನೇ ಆಕ್ಷೇಪ ಕಾಲದ್ದು. "ಐವತ್ತು ವರ್ಷ ಏನು ಮಾಡುತ್ತಿದ್ದರು? ಈಗ ಎಚ್ಚರವಾಯಿತೇ?" ಸರ್ಕಾರಿ ಕಚೇರಿಯಲ್ಲಿ ದುಡಿದ ಹಿರಿಯರು ಇದನ್ನು ಬರೆದಿದ್ದಾರೆ.

ಅವರು ಏನು ಮಾಡುತ್ತಿದ್ದರು ಎಂದು ನಾನು ಹೇಳುತ್ತೇನೆ. ಗದ್ದೆ ಮಾಡುತ್ತಿದ್ದರು, ಮಕ್ಕಳನ್ನು ಓದಿಸುತ್ತಿದ್ದರು, ರಾತ್ರಿ ಪಾಳಿಯ ಕಾವಲಿಗೆ ಹೋಗುತ್ತಿದ್ದರು. ಆ ಕಾಲದಲ್ಲಿ ಭರ್ತಿಯಾದ ಎಷ್ಟೋ ಜವಾನರು ನಾಲ್ಕನೇ ಇಯತ್ತೆ ದಾಟಿದವರಲ್ಲ. ಡಿಸ್ಚಾರ್ಜ್ ಬುಕ್ ಇಂಗ್ಲಿಷಿನಲ್ಲಿತ್ತು. ಬಿಡುಗಡೆಯ ದಿನ ಸಾಲಿನಲ್ಲಿ ನಿಲ್ಲಿಸಿ, ಬೆರಳು ತೋರಿಸಿದ ಕಡೆ ಸಹಿ ಹಾಕಿಸಿಕೊಂಡು, ರೈಲ್ವೆ ವಾರಂಟ್ ಕೈಗೆ ಕೊಟ್ಟು ಕಳಿಸುತ್ತಿದ್ದರು. ಅದರಲ್ಲಿ ಯಾವ ಪದಕ ಬರೆದಿದೆ, ಯಾವುದು ಇಲ್ಲ ಎಂದು ಕೂತು ಓದಿ ಹೇಳಿದವರು ಯಾರೂ ಇಲ್ಲ. ಈ ನಾಯಕರಿಗೆ ವಿಷಯ ಗೊತ್ತಾದದ್ದೇ ಮೊಮ್ಮಗಳು ಪುಸ್ತಕ ತೆಗೆದು ಓದಿದ ಮೇಲೆ.

ಕಾನೂನಿನ ಮಾತಾಡುವುದಾದರೂ ಬಾಗಿಲು ಮುಚ್ಚಿಲ್ಲ. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯ 22ನೇ ಕಲಂ ಆರು ತಿಂಗಳ ಗಡುವು ಹೇಳುತ್ತದೆ ನಿಜ. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವನ್ನೂ ಅದೇ ಕಲಂ ಕೊಟ್ಟಿದೆ. 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ, ಹದಿನಾರು ವರ್ಷ ತಡವಾಗಿ ಅಂಗವೈಕಲ್ಯ ಪಿಂಚಣಿ ಕೇಳಿ ಬಂದ ಸೈನಿಕನ ಹಕ್ಕನ್ನು ಸುಪ್ರೀಂ ಕೋರ್ಟ್ ತಡವಾಯಿತೆಂದು ತಳ್ಳಿಹಾಕಲಿಲ್ಲ. ಬಾಕಿ ಹಣವನ್ನು ಮಾತ್ರ ಹಿಂದಿನ ಮೂರು ವರ್ಷಕ್ಕೆ ಮಿತಿಗೊಳಿಸಿತು. ಪಿಂಚಣಿಯಲ್ಲಿ ತಡವಾದರೆ ಬೊಕ್ಕಸಕ್ಕೆ ಬಾಕಿಯ ಹೊರೆ ಬೀಳುತ್ತದೆ, ಆ ಮಿತಿಗೆ ಅರ್ಥವಿದೆ. ಪದಕದಲ್ಲಿ ಯಾವ ಬಾಕಿ? ಇಂದು ಬರೆದರೂ ಅಂದು ಬರೆದಿದ್ದರೂ ಸರ್ಕಾರಕ್ಕೆ ಆಗುವ ಖರ್ಚು ಒಂದೇ. ತಡವಾದ್ದರಿಂದ ಯಾರಿಗೂ ನಷ್ಟವಾಗದ ಹಕ್ಕನ್ನು ತಡದ ನೆಪದಲ್ಲಿ ನಿರಾಕರಿಸುವುದು ಅನ್ಯಾಯ.

ಬೇರೆ ದೇಶಗಳು ತಡವನ್ನು ಹೇಗೆ ಕಂಡಿವೆ ನೋಡಿ. ಎರಡನೇ ಮಹಾಯುದ್ಧದಲ್ಲಿ ಹಿಮಗಟ್ಟುವ ಉತ್ತರದ ಕಡಲಿನಲ್ಲಿ ರಷ್ಯಾಕ್ಕೆ ಸರಕು ಸಾಗಿಸಿದ ನಾವಿಕರಿಗೆ ಬ್ರಿಟನ್ ಆರ್ಕ್ಟಿಕ್ ಸ್ಟಾರ್ ಕೊಟ್ಟದ್ದು 2013ರಲ್ಲಿ. ಆ ಯುದ್ಧದಲ್ಲಿ ಒಬ್ಬನೇ ಒಬ್ಬ ಕಪ್ಪು ಸೈನಿಕನಿಗೂ ಅತ್ಯುನ್ನತ ಶೌರ್ಯ ಪದಕ ಕೊಡದ ಅಮೆರಿಕ, 1997ರ ಜನವರಿಯಲ್ಲಿ ಏಳು ಮಂದಿಗೆ ಕೊಟ್ಟಿತು. ಏಳರಲ್ಲಿ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ನಮ್ಮಲ್ಲಿ 1971ರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಇನ್ನೂ ಹತ್ತು ವರ್ಷ ವಿಚಾರ ಮಾಡೋಣ ಎನ್ನುವವರು ಆ ಲೆಕ್ಕವನ್ನೊಮ್ಮೆ ಹಾಕಬೇಕು.

"ಹಾಗೆ ಬಾಗಿಲು ತೆರೆದರೆ ನಕಲಿಗಳು ನುಗ್ಗುತ್ತಾರೆ" ಎಂಬುದು ಇನ್ನೊಂದು ವಾದ. ಈ ಭಯ ನನಗೂ ಇದೆ. ಇಲ್ಲದ ಪದಕ ತೂಗುಹಾಕಿಕೊಂಡು ಆಗಸ್ಟ್ 15ರ ವೇದಿಕೆ ಹತ್ತುವವರನ್ನು ನಾನೂ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಆದರೆ ಇಲ್ಲಿ ಎರಡು ಬೇರೆ ವಿಷಯಗಳು ಕಲಸಿಹೋಗಿವೆ. ಶೌರ್ಯ ಪದಕಕ್ಕೆ ಕಮಾಂಡಿಂಗ್ ಆಫೀಸರರ ಶಿಫಾರಸು ಬೇಕು, ಸಾಕ್ಷಿಗಳ ಹೇಳಿಕೆ ಬೇಕು, ಮೇಲಿನವರ ತೀರ್ಮಾನ ಬೇಕು. ಐವತ್ತು ವರ್ಷದ ನಂತರ ಅದನ್ನು ಹೊಸದಾಗಿ ಅಳೆಯುವುದು ಕಷ್ಟ, ನನ್ನ ಠರಾವು ಅದನ್ನು ಕೇಳಿಯೂ ಇಲ್ಲ. ನಾನು ಮಾತಾಡುತ್ತಿರುವುದು ಸೇವಾ ಪದಕಗಳ ಬಗ್ಗೆ, ಯುದ್ಧಭೂಮಿಯಲ್ಲಿ ಹಾಜರಿದ್ದವರಿಗೆಲ್ಲ ಸಲ್ಲುವ ಪದಕಗಳ ಬಗ್ಗೆ. ಅಲ್ಲಿ ಯಾರ ಅಭಿಪ್ರಾಯಕ್ಕೂ ಜಾಗವಿಲ್ಲ. ಆ ದಿನ ಸೇವೆಯಲ್ಲಿದ್ದನೇ, ಆ ಪ್ರದೇಶದಲ್ಲಿದ್ದನೇ, ಇಷ್ಟು ವರ್ಷ ತುಂಬಿಸಿದನೇ? ಇದ್ದನು ಎಂದರೆ ಪದಕ ಅವನದು, ಇರಲಿಲ್ಲ ಎಂದರೆ ಅಲ್ಲ.

ನಕಲಿಗಳನ್ನು ಹಿಡಿಯುವ ದಾರಿಯೂ ದಾಖಲೆ ಸರಿಪಡಿಸುವುದೇ. ಅಸಲಿ ಸೈನಿಕರ ಪುಸ್ತಕಗಳೇ ಅರ್ಧಂಬರ್ಧ ಇರುವಾಗ, "ನನ್ನದೂ ಬಿಟ್ಟುಹೋಗಿದೆ" ಎನ್ನುವ ಸುಳ್ಳುಗಾರನನ್ನು ಯಾವ ಪುಸ್ತಕ ಹಿಡಿದು ಪ್ರಶ್ನಿಸುತ್ತೀರಿ? ಅಮೆರಿಕ ಸುಳ್ಳು ಪದಕಗಳ ವಿರುದ್ಧ 2006ರಲ್ಲಿ ಕಾನೂನು ಮಾಡಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗ ಮರುವರ್ಷವೇ ಹೊಸ ಕಾನೂನು ತಂದಿತು. ಅಷ್ಟು ಕಟ್ಟುನಿಟ್ಟಾದ ದೇಶವೂ ದಾಖಲೆ ತಿದ್ದುವ ಮಂಡಳಿಗಳನ್ನು ಮುಚ್ಚಲಿಲ್ಲ.

ಕರ್ನಲ್ ಅವರ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ನೋವಾದದ್ದು ಅದರಿಂದಲೇ. "ನಿಜವಾದ ಸೈನಿಕ ಪದಕ ಕೇಳುವುದಿಲ್ಲ. ದೇಶಕ್ಕಾಗಿ ದುಡಿದೆವು, ಅಷ್ಟೇ ಸಾಕು. ಈ ವಯಸ್ಸಿನಲ್ಲಿ ಇದೆಲ್ಲ ಆಡಂಬರ" ಎಂದರು ಅವರು, ತುಂಬಿದ ಸಭೆಯಲ್ಲಿ, ಆ ನಾಯಕರು ಎರಡನೇ ಸಾಲಿನಲ್ಲಿ ಕೂತಿದ್ದಾಗ.

ಸರ್, ನಿಮ್ಮ ಎದೆಯ ಮೇಲಿನ ಸಾಲು ಪೂರ್ತಿಯಾಗಿದೆ, ಅದರ ಪ್ರತಿಯೊಂದು ಪದಕವೂ ನಿಮಗೆ ಸಲ್ಲಬೇಕಾದದ್ದೇ. ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ನೀವು ಒಂದು ಪತ್ರ ಬರೆಯುತ್ತಿದ್ದಿರಿ, ಉತ್ತರ ಬರುತ್ತಿತ್ತು. ಜವಾನನಿಗೆ ಆ ಭಾಷೆ ಇರಲಿಲ್ಲ, ಯಾರಿಗೆ ಬರೆಯಬೇಕು ಎಂಬುದೂ ಗೊತ್ತಿರಲಿಲ್ಲ. ಸಮವಸ್ತ್ರದಲ್ಲಿದ್ದಾಗ ಬಾಯಿಮುಚ್ಚಿಕೊಂಡಿರುವುದು ಶಿಸ್ತು. ಆ ಶಿಸ್ತನ್ನು ಅವನು ಹದಿನೈದು ವರ್ಷ ಪಾಲಿಸಿದ. ಇಂದು ಅವನು ಪ್ರಜೆ, ತನ್ನ ಬಗ್ಗೆ ಸರ್ಕಾರ ಬರೆದಿಟ್ಟಿರುವುದು ಸರಿಯಾಗಿರಲಿ ಎಂದು ಕೇಳುವುದು ಅವನ ಹಕ್ಕು. ಜಮೀನಿನ ಪಹಣಿಯಲ್ಲಿ ಹೆಸರು ತಪ್ಪಾದರೆ ತಾಲ್ಲೂಕು ಕಚೇರಿಗೆ ಅಲೆದು ಸರಿಪಡಿಸಿಕೊಳ್ಳುವ ರೈತನನ್ನು ಯಾರೂ ಆಡಂಬರದವನು ಎನ್ನುವುದಿಲ್ಲ. ಇನ್ನೊಂದು ಮಾತು. ಪರೇಡಿನಲ್ಲಿ ಒಂದು ರಿಬ್ಬನ್ ಹಿಂದುಮುಂದಾದರೆ ಜವಾನನನ್ನು ಸಾಲಿನಿಂದ ಹೊರಗೆ ಕರೆದು ಶಿಕ್ಷಿಸಿದವರು ನಾವೇ. ಪದಕಕ್ಕೆ ಅಷ್ಟು ಬೆಲೆಯಿದೆ ಎಂದು ಅವನಿಗೆ ಕಲಿಸಿದ್ದು ಸೇನೆ. ಕಲಿತದ್ದನ್ನು ಅವನು ಇಂದಿಗೂ ಮರೆತಿಲ್ಲ ಎಂಬುದಕ್ಕೆ ನಾವು ಹೆಮ್ಮೆಪಡಬೇಕು.

ಇದು ಅವನೊಬ್ಬನ ವಿಷಯವೂ ಅಲ್ಲ. ತೀರಿಹೋದ ಸೈನಿಕನ ಪದಕಗಳನ್ನು ಮನೆಯವರು ಎದೆಯ ಬಲಭಾಗದಲ್ಲಿ ಧರಿಸುವ ಪದ್ಧತಿ ನಮ್ಮಲ್ಲಿದೆ. ಕೊಡಗಿನಲ್ಲಿ, ಬೆಳಗಾವಿ ಕಡೆಯ ಹಳ್ಳಿಗಳಲ್ಲಿ, ಮೂರು ತಲೆಮಾರು ಸೇನೆಗೆ ಹೋದ ಮನೆಗಳಿವೆ. ಆ ಮನೆಗಳ ಮಕ್ಕಳಿಗೆ ತಾತ ಎಲ್ಲಿದ್ದರು, ಯಾವ ಯುದ್ಧ ಮಾಡಿದರು ಎಂಬುದಕ್ಕೆ ಉಳಿಯುವ ಗುರುತು ಅದು.

"ಬೇಕಿದ್ದರೆ ಕಂಟೋನ್ಮೆಂಟ್ ಅಂಗಡಿಯಲ್ಲಿ ಕೊಂಡುಕೊಳ್ಳಲಿ, ಎಲ್ಲ ಪದಕವೂ ಸಿಗುತ್ತದೆ" ಎಂದು ಒಬ್ಬ ಗೆಳೆಯರು ಬರೆದಿದ್ದಾರೆ. ಸಿಗುತ್ತದೆ, ಗೊತ್ತು. ಅಂಗಡಿಯ ಪದಕದ ಅಂಚು ನುಣುಪಾಗಿರುತ್ತದೆ. ಸರ್ಕಾರ ಕೊಡುವ ಪದಕದ ಅಂಚಿನ ಮೇಲೆ ಸೈನಿಕನ ನಂಬರು, ದರ್ಜೆ, ಹೆಸರು ಕೆತ್ತಿರುತ್ತದೆ. ಬೆರಳು ಆಡಿಸಿದರೆ ತಾಕುತ್ತದೆ. ಹಣ ಕೊಟ್ಟು ತಂದದ್ದನ್ನು ಧರಿಸಲು ಈ ನಾಯಕರು ಒಪ್ಪಲಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಎದೆಗೆ ಹಾಕಿಕೊಂಡರೆ ತಾನೂ ನಕಲಿಯಾಗುತ್ತೇನೆ ಎಂದರು. ನಕಲಿಗಳ ಬಗ್ಗೆ ಚಿಂತಿಸುವವರು ಈ ಮನುಷ್ಯನನ್ನು ನೋಡಬೇಕಿತ್ತು.

ಕಡೆಯದಾಗಿ, "ಇದರಿಂದ ಬರುವ ದುಡ್ಡೇನು, ಕಚೇರಿಗೆ ಯಾಕೆ ಹೊರೆ" ಎಂಬ ಮಾತು. ಪೂರ್ವಿ ಸ್ಟಾರ್, ಸಂಗ್ರಾಮ ಪದಕಗಳಿಗೆ ತಿಂಗಳ ಭತ್ಯೆ ಇಲ್ಲ, ಅದು ಇರುವುದು ಶೌರ್ಯ ಪದಕಗಳಿಗೆ. ಸರಿ. ಹಾಗಾದರೆ ಇದೇ ಗುಂಪಿನವರು ಒಂದು ಬಾಯಲ್ಲಿ ನಕಲಿಗಳು ಮುಗಿಬೀಳುತ್ತಾರೆ, ಇನ್ನೊಂದು ಬಾಯಲ್ಲಿ ಇದರಿಂದ ಕಾಸು ಹುಟ್ಟುವುದಿಲ್ಲ ಎಂದರೆ ಯಾವುದನ್ನು ನಂಬಬೇಕು? ಎಲ್ಲ ದಾಖಲೆಗಳೂ ಹಣಕ್ಕೆ ಸಂಬಂಧಿಸದವು ಎಂದೇನೂ ಅಲ್ಲ. ಯುದ್ಧದಲ್ಲಿ ಗಾಯಗೊಂಡವರ ವಿಷಯದಲ್ಲಿ, ಬ್ಯಾಟಲ್ ಕ್ಯಾಶುವಲ್ಟಿ ಎಂಬ ಒಂದು ನಮೂದಿನ ಮೇಲೆ ಗಾಯಾಳು ಪದಕವೂ ನಿಂತಿದೆ, ಯುದ್ಧ ಗಾಯದ ಪಿಂಚಣಿಯೂ ನಿಂತಿದೆ. ಆ ನಮೂದು ತಪ್ಪಿದವನು ಎರಡನ್ನೂ ಕಳೆದುಕೊಂಡ. ಕಚೇರಿಯ ಹೊರೆಯ ಮಾತಿಗೆ, ಆ ಕೆಲಸ ಮಾಡಿದವನಾಗಿ ಹೇಳುತ್ತೇನೆ: ಬಿಟ್ಟುಹೋದ ಪದಕ ಸೇರಿಸಲು ಬೇಕಾದದ್ದು ಪಾರ್ಟ್ ಟೂ ಆರ್ಡರಿನ ಒಂದು ನಮೂದು, ಒಂದು ಸಹಿ, ಒಂದು ಮೊಹರು. ಹೊರೆಯಾಗುತ್ತಿರುವುದು ಒಂದೇ ಅರ್ಜಿಯನ್ನು ಮೇಜಿನಿಂದ ಮೇಜಿಗೆ ವರ್ಷಗಟ್ಟಲೆ ತಳ್ಳುವುದರಿಂದ. ನ್ಯಾಯಮಂಡಳಿಗೆ ಹೋಗೆಂದರೆ ಕರ್ನಾಟಕದಲ್ಲಿ ಅದರ ಖಾಯಂ ಪೀಠವಿಲ್ಲ. ಎಂಬತ್ತರ ಮುದುಕ ಒಂದು ಸಾಲಿಗಾಗಿ ಹೊರರಾಜ್ಯಕ್ಕೆ ವಕೀಲರನ್ನು ಹುಡುಕಿಕೊಂಡು ಹೋಗಬೇಕೇ?

ಆದ್ದರಿಂದ ಠರಾವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ, ಅದಕ್ಕೆ ಇನ್ನೊಂದು ಅಂಶ ಸೇರಿಸುತ್ತೇನೆ. ನಿಯಮದ ಪ್ರಕಾರ ಕಾಗದಗಳನ್ನು ಸೇನೆಯೇ ನಾಶಮಾಡಿದ್ದರೆ, ಭರ್ತಿ ಮತ್ತು ಬಿಡುಗಡೆಯ ದಿನಾಂಕಗಳಿಂದಲೇ ಸಾಬೀತಾಗುವ ಪದಕಗಳ ವಿಷಯದಲ್ಲಿ ಸಂಶಯದ ಲಾಭ ಸೈನಿಕನಿಗೆ ಸಿಗಬೇಕು.

ಮನೆಯಲ್ಲಿ, ಬೀದಿಯಲ್ಲಿ ವಯಸ್ಸಾದ ಮಾಜಿ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಬುಕ್ ತೆಗೆಸಿ ಒಮ್ಮೆ ಓದಿ. 1972ರ ಆಗಸ್ಟ್ 15, 1997ರ ಆಗಸ್ಟ್ 15, ಸ್ವಾತಂತ್ರ್ಯ ವಾರ್ಷಿಕೋತ್ಸವದ ಪದಕಗಳಿಗೆ ಲೆಕ್ಕವಾಗುವ ಈ ಎರಡು ದಿನ ಸೇವೆಯಲ್ಲಿದ್ದರೇ ನೋಡಿ. ಒಂಬತ್ತು, ಇಪ್ಪತ್ತು, ಮೂವತ್ತು ವರ್ಷ ತುಂಬಿದೆಯೇ ಲೆಕ್ಕ ಹಾಕಿ. 1965 ಅಥವಾ 1971ರಲ್ಲಿ ಎಲ್ಲಿದ್ದರು ಎಂದು ಕೂತು ಕೇಳಿ ಬರೆದುಕೊಳ್ಳಿ. ಹಳೆಯ ಪತ್ರ, ಆಸ್ಪತ್ರೆ ಚೀಟಿ, ಗ್ರೂಪ್ ಫೋಟೋ, ಯಾವುದನ್ನೂ ಎಸೆಯಬೇಡಿ. ಶೀಟ್ ರೋಲಿನ ಪ್ರತಿಗಾಗಿ ಮಾಹಿತಿ ಹಕ್ಕಿನಡಿ ಕೇಳಿ. ಪದಕದ ಅರ್ಜಿಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ಅರ್ಜಿ ಕೊಟ್ಟು ಆರು ತಿಂಗಳಾದರೂ ಆದೇಶ ಬರದಿದ್ದರೆ, ನ್ಯಾಯಮಂಡಳಿಗೆ ಹೋಗಲು ಕಾನೂನೇ ಅವಕಾಶ ಕೊಟ್ಟಿದೆ.